ಅಂಚೆ ಹಂಚುತ್ತಿದ್ದವರು ಪೊಲೀಸರನ್ನು ಓದಲು ಕೂರಿಸಿದ ಕಥೆ: ಆಗಸ್ಟ್ ವೋಲ್ಮರ್

ಪ್ರಶ್ನೆ: ನಾನು ಅಪರಾಧಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ. ನಮ್ಮ ಟಿಪ್ಪಣಿಯಲ್ಲಿ ಆಗಸ್ಟ್ ವೋಲ್ಮರ್ ಅವರನ್ನು ‘ಆಧುನಿಕ ಪೊಲೀಸ್ ವ್ಯವಸ್ಥೆಯ ಪಿತಾಮಹ’, ‘ಲೈ ಡಿಟೆಕ್ಟರ್ ಕಂಡುಹಿಡಿದವರು’ ಎಂದು ನಾಲ್ಕು ಸಾಲಿನಲ್ಲಿ ಮುಗಿಸಿದ್ದಾರೆ. ಅವರು ಹೆಚ್ಚು ಓದಿದವರಲ್ಲ ಎಂದೂ ಅಲ್ಲೇ ಬರೆದಿದೆ. ಹಾಗಿದ್ದವರು ಪೊಲೀಸರಿಗೆ ಕಾಲೇಜು ಪದವಿ ಬೇಕೆಂದು ಪಟ್ಟು ಹಿಡಿದದ್ದು ಹೇಗೆ? ಅಷ್ಟು ದೊಡ್ಡ ಸುಧಾರಕರಾಗಿದ್ದರೆ ಲಾಸ್ ಏಂಜಲೀಸ್‌ನಿಂದ ಒಂದೇ ವರ್ಷಕ್ಕೆ ಹೊರಬಂದದ್ದೇಕೆ? ಪರೀಕ್ಷೆಯಲ್ಲಿ ‘ಪಿತಾಮಹ’ ಎಂದು ಬರೆಯಬಹುದೇ?

ಉತ್ತರ: ಎರಡನೆಯ ಬಿರುದನ್ನು ಮೊದಲು ತಿದ್ದಿಬಿಡುತ್ತೇನೆ. ಲೈ ಡಿಟೆಕ್ಟರನ್ನು ರೂಪಿಸಿದವರು ವೋಲ್ಮರ್ ಅಲ್ಲ, ಅವರ ಇಲಾಖೆಯಲ್ಲಿ ಪೇದೆಯಾಗಿದ್ದ ಜಾನ್ ಲಾರ್ಸನ್. ಆ ಪೇದೆ ಶರೀರಕ್ರಿಯಾಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದ್ದರು ಎಂಬುದು ನನಗೆ ಯಂತ್ರಕ್ಕಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ. 1920ರ ಹೊತ್ತಿಗೆ ಪಿಎಚ್.ಡಿ. ಮಾಡಿದವರೊಬ್ಬರು ಬಿಲ್ಲೆ ಧರಿಸಿ ಗಸ್ತು ತಿರುಗಲು ಒಪ್ಪಿಕೊಂಡಂತಹ ಪೊಲೀಸ್ ಇಲಾಖೆಯೊಂದು ಕ್ಯಾಲಿಫೋರ್ನಿಯಾದ ಬರ್ಕ್ಲಿ ಎಂಬ ಪುಟ್ಟ ನಗರದಲ್ಲಿತ್ತು. ಅದನ್ನು ಕಟ್ಟಿದವರು ವೋಲ್ಮರ್. ಅವರ ಬದುಕನ್ನು ಯಂತ್ರಗಳ ಪಟ್ಟಿಯಾಗಿ ಓದಿದರೆ ಈ ಮುಖ್ಯ ಮಾತೇ ಕೈತಪ್ಪಿಹೋಗುತ್ತದೆ.

ವೋಲ್ಮರ್ 1876ರ ಮಾರ್ಚ್ 7ರಂದು ನ್ಯೂ ಆರ್ಲಿಯನ್ಸ್‌ನಲ್ಲಿ, ಜರ್ಮನಿಯಿಂದ ವಲಸೆ ಬಂದಿದ್ದ ದಂಪತಿಗೆ ಹುಟ್ಟಿದರು. ಎಂಟನೆಯ ವಯಸ್ಸಿಗೆ ತಂದೆ ತೀರಿಕೊಂಡರು. ತಾಯಿ ಮಕ್ಕಳನ್ನು ಕಟ್ಟಿಕೊಂಡು ಜರ್ಮನಿಗೆ ಹೋಗಿ, ಎರಡು ವರ್ಷ ಅಲ್ಲಿದ್ದು, ಮತ್ತೆ ಅಮೆರಿಕಕ್ಕೆ ಮರಳಿ, ಕೊನೆಗೆ 1890ರ ಆಸುಪಾಸಿನಲ್ಲಿ ಬರ್ಕ್ಲಿಯಲ್ಲಿ ನೆಲೆಯೂರಿದರು. ಹೀಗೆ ಊರೂರು ಅಲೆದ ಹುಡುಗನಿಗೆ ಪ್ರಾಥಮಿಕ ಶಾಲೆಯ ಮೇಲೆ ದಕ್ಕಿದ್ದು ಲೆಕ್ಕ ಬರೆಯುವುದು, ಬೆರಳಚ್ಚು ಯಂತ್ರ, ಶೀಘ್ರಲಿಪಿ ಕಲಿಸುವ ಒಂದು ತರಬೇತಿ ಮಾತ್ರ. ಮುಂದೆ ಗೆಳೆಯನೊಬ್ಬನ ಜೊತೆ ಸೇರಿ ಕಲ್ಲಿದ್ದಲು ಮತ್ತು ದನಕರುಗಳ ಮೇವು ಮಾರುವ ಅಂಗಡಿ ಇಟ್ಟರು, ಊರಿನ ಸ್ವಯಂಸೇವಕ ಅಗ್ನಿಶಾಮಕ ದಳವನ್ನು ಕಟ್ಟಲು ಕೈಜೋಡಿಸಿದರು. 1898ರಲ್ಲಿ ಸ್ಪೇನ್ ವಿರುದ್ಧ ಯುದ್ಧ ಶುರುವಾದಾಗ ಸೈನ್ಯ ಸೇರಿ ಫಿಲಿಪ್ಪೀನ್ಸ್‌ಗೆ ಹೋದರು. ಅಲ್ಲಿ ಮನಿಲಾ ನಗರದಲ್ಲಿ ಪಹರೆ ನಡೆಸಿದರು, ನದಿಯ ಮೇಲೆ ಫಿರಂಗಿ ದೋಣಿಗಳಲ್ಲಿ ಗಸ್ತು ತಿರುಗಿದರು. ಈ ಅನುಭವದ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿನಲ್ಲಿರಲಿ. 1899ರಲ್ಲಿ ಮರಳಿ ಬಂದವರು ಅಂಚೆ ಇಲಾಖೆ ಸೇರಿ ಬರ್ಕ್ಲಿಯ ಬೀದಿಗಳಲ್ಲಿ ಪತ್ರ ಹಂಚತೊಡಗಿದರು.

ಅಂಚೆಯ ಕೆಲಸದಿಂದ ಅವರು ಪೊಲೀಸ್ ಇಲಾಖೆಗೆ ಬಂದದ್ದು ಒಂದು ಆಕಸ್ಮಿಕದಿಂದ. 1904ರಲ್ಲಿ ಸರಕು ತುಂಬಿದ ರೈಲು ಬೋಗಿಯೊಂದು ಕೊಂಡಿ ಕಳಚಿಕೊಂಡು ಶಾಟಕ್ ರಸ್ತೆಯ ಇಳಿಜಾರಿನಲ್ಲಿ ತಾನೇ ಉರುಳತೊಡಗಿತು. ಕೆಳಗೆ ನಿಲ್ದಾಣದಲ್ಲಿ ಪ್ರಯಾಣಿಕರು ತುಂಬಿದ ಗಾಡಿ ನಿಂತಿತ್ತು. ಅದನ್ನು ಕಂಡ ವೋಲ್ಮರ್ ಓಡಿಹೋಗಿ ಬೋಗಿಯ ಮೇಲೆ ಹಾರಿ ಬ್ರೇಕು ಬಿಗಿದು ನಿಲ್ಲಿಸಿದರು. ಊರಿಡೀ ಅವರ ಹೆಸರಾಯಿತು. ಸ್ಥಳೀಯ ಪತ್ರಿಕೆಯ ಒಡೆಯ ಫ್ರೆಂಡ್ ರಿಚರ್ಡ್‌ಸನ್ (ಮುಂದೆ ಇವರೇ ಕ್ಯಾಲಿಫೋರ್ನಿಯಾದ ಗವರ್ನರ್ ಆದರು) ಮಾರ್ಷಲ್ ಹುದ್ದೆಗೆ ನಿಲ್ಲುವಂತೆ ಒತ್ತಾಯಿಸಿದರು. ಆ ಕಾಲಕ್ಕೆ ಊರಿನ ಪೊಲೀಸ್ ಮುಖ್ಯಸ್ಥನನ್ನು ಜನರೇ ಓಟು ಹಾಕಿ ಆರಿಸುತ್ತಿದ್ದರು. 1905ರ ಏಪ್ರಿಲ್‌ನಲ್ಲಿ ವೋಲ್ಮರ್ ಎದುರಾಳಿಗಿಂತ ಸುಮಾರು ಮೂರು ಪಟ್ಟು ಮತ ಪಡೆದು ಗೆದ್ದರು. ಆಗ ಅವರಿಗೆ 29 ವರ್ಷ. 1909ರಲ್ಲಿ ಈ ಹುದ್ದೆ ಚುನಾವಣೆಯಿಂದ ನೇಮಕಾತಿಗೆ ಬದಲಾದಾಗ ಅವರೇ ಮುಖ್ಯಸ್ಥರಾಗಿ ಮುಂದುವರಿದರು.

ಅಂದಿನ ಅಮೆರಿಕದಲ್ಲಿ ಪೊಲೀಸ್ ಕೆಲಸವೆಂದರೆ ಏನಾಗಿತ್ತು ಎಂಬುದನ್ನು ತಿಳಿಯದೆ ಇವರ ಕೆಲಸದ ತೂಕ ಗೊತ್ತಾಗುವುದಿಲ್ಲ. ಬಹುತೇಕ ನಗರಗಳಲ್ಲಿ ಪೇದೆಯ ಕೆಲಸ ಸಿಗುತ್ತಿದ್ದುದು ವಾರ್ಡಿನ ರಾಜಕೀಯ ಮುಖಂಡನ ಕೃಪೆಯಿಂದ. ಪಕ್ಷ ಸೋತರೆ ಕೆಲಸವೂ ಹೋಗುತ್ತಿತ್ತು. ತರಬೇತಿ ಎಂಬುದು ಹೆಸರಿಗೂ ಇರಲಿಲ್ಲ. ಒಂದು ಬಿಲ್ಲೆ, ಒಂದು ಲಾಠಿ, ಒಂದು ಪಿಸ್ತೂಲು ಕೈಗೆ ಕೊಟ್ಟು ಬೀದಿಗೆ ಬಿಡುತ್ತಿದ್ದರು. ಜೂಜಿನ ಅಡ್ಡೆಗಳಿಂದ ಮಾಮೂಲಿ ವಸೂಲಿ, ಆರೋಪಿಗೆ ಬಡಿದು ತಪ್ಪೊಪ್ಪಿಗೆ ಪಡೆಯುವುದು, ಇವೆಲ್ಲ ಸಹಜವೆಂಬಂತೆ ನಡೆಯುತ್ತಿದ್ದವು. ವೋಲ್ಮರ್ ಅಧಿಕಾರ ವಹಿಸಿಕೊಂಡಾಗ ಬರ್ಕ್ಲಿಯಲ್ಲಿ ಇದ್ದದ್ದು ಬೆರಳೆಣಿಕೆಯ ಸಿಬ್ಬಂದಿ. ಆದರೆ ಊರು ದಾಪುಗಾಲಿಟ್ಟು ಬೆಳೆಯುತ್ತಿತ್ತು: 1900ರಲ್ಲಿ ಸುಮಾರು 13,000 ಇದ್ದ ಜನಸಂಖ್ಯೆ 1910ಕ್ಕೆ 40,000 ದಾಟಿತು. ನಡುವೆ 1906ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದಿಂದ ಮನೆಮಠ ಕಳೆದುಕೊಂಡವರು ಕೊಲ್ಲಿ ದಾಟಿ ಇಲ್ಲಿಗೆ ಹರಿದುಬಂದರು.

ಮೊದಲು ಅವರು ತಮ್ಮವರನ್ನು ಸೈಕಲ್ಲಿನ ಮೇಲೆ ಕೂರಿಸಿದರು. 1911ರ ಸುಮಾರಿಗೆ ಮೋಟಾರ್ ಸೈಕಲ್ಲು ಬಂತು, ಅದಾದ ಎರಡು ಮೂರು ವರ್ಷಗಳಲ್ಲಿ ಕಾರುಗಳು. ಇವುಗಳಿಗಿಂತ ನನಗೆ ಹೆಚ್ಚು ಹಿಡಿಸುವುದು ದೀಪದ ಸಂಕೇತ. ರೇಡಿಯೋ ಇಲ್ಲದ ಕಾಲದಲ್ಲಿ ಗಸ್ತಿಗೆ ಹೊರಟ ಪೇದೆ ಠಾಣೆಗೆ ಮರಳುವ ತನಕ ಕಣ್ಮರೆಯಾದಂತೆಯೇ ಲೆಕ್ಕ. ವೋಲ್ಮರ್ ಊರಿನ ಮುಖ್ಯ ಕೂಡುರಸ್ತೆಗಳಲ್ಲಿ ಎತ್ತರಕ್ಕೆ ವಿದ್ಯುದ್ದೀಪಗಳನ್ನು ತೂಗುಹಾಕಿಸಿ ಅವುಗಳ ಗುಂಡಿಯನ್ನು ಠಾಣೆಯಲ್ಲಿ ಇರಿಸಿದರು. ಯಾರದೋ ಮನೆಗೆ ಕಳ್ಳ ನುಗ್ಗಿದನೆಂದು ಠಾಣೆಗೆ ಫೋನು ಬಂದರೆ ಗುಮಾಸ್ತ ಗುಂಡಿ ಒತ್ತುತ್ತಿದ್ದ. ಕೂಡುರಸ್ತೆಯ ದೀಪ ಮಿನುಗುತ್ತಿತ್ತು. ಅದನ್ನು ಕಂಡ ಪೇದೆ ಹತ್ತಿರದ ಪೆಟ್ಟಿಗೆಯಲ್ಲಿದ್ದ ಫೋನೆತ್ತಿ ಎಲ್ಲಿಗೆ ಹೋಗಬೇಕೆಂದು ಕೇಳಿ ಸೈಕಲ್ ಏರುತ್ತಿದ್ದ. ಅಷ್ಟೇ. ಇಂದು ನಾವು ಕಂಟ್ರೋಲ್ ರೂಮ್ ಎಂದು ಕರೆಯುವುದರ ಒಂದು ಮೊದಲ ರೂಪ ಇದು. ಯಾವ ಬೀದಿಯಲ್ಲಿ, ಯಾವ ಹೊತ್ತಿನಲ್ಲಿ, ಯಾವ ಬಗೆಯ ಕಳ್ಳತನ ಎಂದು ನಕ್ಷೆಯ ಮೇಲೆ ಗುಂಡುಸೂಜಿ ಚುಚ್ಚಿ ನೋಡುವುದು, ಕಳ್ಳನ ಕೈಚಳಕದ ರೀತಿಯನ್ನೇ ಕಡತದಲ್ಲಿ ವರ್ಗೀಕರಿಸಿ ಇಡುವುದು, ಬೆರಳಚ್ಚುಗಳನ್ನು ಜೋಡಿಸಿ ಇಡುವುದು, ಇವೆಲ್ಲ ಒಂದೊಂದಾಗಿ ಸೇರಿದವು. ಅಪರಾಧದ ರೀತಿಯನ್ನು ವರ್ಗೀಕರಿಸುವ ಕ್ರಮವನ್ನು ಅವರು ಇಂಗ್ಲೆಂಡಿನಿಂದ ಪಡೆದರು. ಬೆರಳಚ್ಚಿನ ಹೆನ್ರಿ ವರ್ಗೀಕರಣವಂತೂ ನಮ್ಮ ಕಲ್ಕತ್ತೆಯಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರ ಶ್ರಮದಿಂದ ರೂಪುಗೊಂಡು ಲಂಡನ್ನಿನ ಮೂಲಕ ಅಮೆರಿಕಕ್ಕೆ ಹೋಯಿತು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಮರೆಯಬಾರದು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ಹೆಚ್ಚು ಓದದವರಿಗೆ ಓದಿನ ಹುಚ್ಚು ಹಿಡಿದದ್ದು ಹೇಗೆ? ಬರ್ಕ್ಲಿ ವಿಶ್ವವಿದ್ಯಾಲಯದ ಊರಾಗಿತ್ತು, ಮತ್ತು ತಮಗೆ ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಬಳಿ ಹೋಗಿ ಕೇಳುವುದರಲ್ಲಿ ವೋಲ್ಮರ್‌ಗೆ ನಾಚಿಕೆ ಇರಲಿಲ್ಲ. 1907ರಲ್ಲಿ ವಿಷದಿಂದಾದ ಒಂದು ಸಾವು ಆತ್ಮಹತ್ಯೆಯೋ ಕೊಲೆಯೋ ಎಂಬ ಅನುಮಾನ ಎದ್ದಾಗ ಅವರು ವಿಶ್ವವಿದ್ಯಾಲಯದ ಪ್ರಸಿದ್ಧ ಜೀವವಿಜ್ಞಾನಿ ಜಾಕ್ ಲೋಬ್ ಅವರ ಬಳಿ ಹೋದರು. ಆ ಪ್ರಕರಣಕ್ಕಿಂತ ಅದರಿಂದ ಬೆಳೆದ ನಂಟು ಮುಖ್ಯವಾದದ್ದು. ಸಾಕ್ಷ್ಯವನ್ನು ಪ್ರಯೋಗಾಲಯದಲ್ಲಿ ನೋಡುವುದು ಎಂದರೇನು ಎಂಬುದು ಅವರಿಗೆ ಅಲ್ಲಿ ಕಂಡಿತು. ಆಸ್ಟ್ರಿಯಾದ ನ್ಯಾಯಾಧಿಕಾರಿ ಹಾನ್ಸ್ ಗ್ರಾಸ್ ಅಪರಾಧ ತನಿಖೆಯ ಬಗ್ಗೆ ಬರೆದದ್ದನ್ನು ಅವರು ಹುಡುಕಿ ಓದಿದರು. ಇಷ್ಟನ್ನು ತಾನೊಬ್ಬನೇ ಓದಿದರೆ ಸಾಲದು, ಬೀದಿಯಲ್ಲಿ ಮೊದಲು ಸ್ಥಳಕ್ಕೆ ಹೋಗುವವನು ಪೇದೆ, ಅವನಿಗೆ ಗೊತ್ತಿರಬೇಕು ಎಂಬುದು ಅವರ ತರ್ಕ. ಸ್ಥಳ ಮಹಜರಿನ ಮೊದಲೇ ಅರ್ಧ ಸಾಕ್ಷ್ಯ ಕಾಲ್ತುಳಿತದಲ್ಲಿ ಹಾಳಾದದ್ದನ್ನು ಕಂಡ ಯಾವ ತನಿಖಾಧಿಕಾರಿಯೂ ಈ ತರ್ಕವನ್ನು ಅಲ್ಲಗಳೆಯಲಾರ.

1908ರಲ್ಲಿ ಠಾಣೆಯಲ್ಲೇ ಪೊಲೀಸ್ ಶಾಲೆ ಶುರುವಾಯಿತು. ಪಕ್ಕದ ಓಕ್‌ಲೆಂಡಿನ ಪತ್ತೇದಾರಿ ಅಧಿಕಾರಿ ವಾಲ್ಟರ್ ಪೀಟರ್ಸನ್ ಪೊಲೀಸ್ ಕೆಲಸದ ವಿಧಾನಗಳನ್ನು ಹೇಳಿಕೊಟ್ಟರು, ವಿಶ್ವವಿದ್ಯಾಲಯದ ವಿಲಿಯಂ ಹರ್ಮ್ಸ್ ನೈರ್ಮಲ್ಯದ ಕಾಯಿದೆಗಳ ಬಗ್ಗೆ ಮಾತಾಡಿದರು, ಕಾನೂನು ಪ್ರಾಧ್ಯಾಪಕ ಎ. ಎಂ. ಕಿಡ್ ಸಾಕ್ಷ್ಯ ಕಾನೂನನ್ನು ಪಾಠ ಮಾಡಿದರು. ವರ್ಷಗಳು ಕಳೆದಂತೆ ಪಾಠಪಟ್ಟಿಗೆ ಛಾಯಾಗ್ರಹಣ, ಪ್ರಥಮ ಚಿಕಿತ್ಸೆ, ವಿಷಶಾಸ್ತ್ರ, ಮನೋವಿಜ್ಞಾನ ಸೇರಿ ಅದು ಮೂರು ವರ್ಷದ ಕೋರ್ಸಾಗಿ ಬೆಳೆಯಿತು. ರಾತ್ರಿ ಪಾಳಿ ಮುಗಿಸಿದವನು ಬಂದು ಕೂತು ರಸಾಯನಶಾಸ್ತ್ರ ಕೇಳಬೇಕಿತ್ತು. ಪಾಠ ಕೇಳುವುದು ಕರ್ತವ್ಯದ ಹೊತ್ತಿನ ಆಚೆಗೆ. 1916ರಲ್ಲಿ ಕಿಡ್ ಅವರ ಜೊತೆ ಸೇರಿ ವಿಶ್ವವಿದ್ಯಾಲಯದ ಬೇಸಿಗೆ ತರಗತಿಗಳಲ್ಲಿ ಅಪರಾಧಶಾಸ್ತ್ರವನ್ನು ಆರಂಭಿಸಿದರು. ಔಷಧಶಾಸ್ತ್ರ ಬಲ್ಲ ಆಲ್ಬರ್ಟ್ ಷ್ನೈಡರ್ ಅವರನ್ನು ಇಲಾಖೆಯ ಪ್ರಯೋಗಾಲಯಕ್ಕೆ ತಂದರು. ಇಂದು ನೀವು ಕುಳಿತು ಓದುತ್ತಿರುವ ವಿಷಯಕ್ಕೆ ವಿಶ್ವವಿದ್ಯಾಲಯದಲ್ಲಿ ಕುರ್ಚಿ ಸಿಕ್ಕ ಆರಂಭದ ಪ್ರಸಂಗಗಳಲ್ಲಿ ಇದೊಂದು.

ಶುಕ್ರವಾರದ ಸಭೆಗಳ ಬಗ್ಗೆ ನಿಮ್ಮ ಟಿಪ್ಪಣಿಯಲ್ಲಿ ಇರಲಾರದು, ಆದರೆ ವೋಲ್ಮರ್ ಅರ್ಥವಾಗಬೇಕಾದರೆ ಅವನ್ನು ತಿಳಿಯಲೇಬೇಕು. ಇಲಾಖೆಯವರು ಅದನ್ನು ತಮಾಷೆಗೆ ‘ಏಡಿಗಳ ಕೂಟ’ ಎಂದು ಕರೆಯುತ್ತಿದ್ದರು. ಇಂಗ್ಲಿಷಿನಲ್ಲಿ ಏಡಿಗೆ ಹೇಳುವ ಪದವೇ ಗೊಣಗುವುದಕ್ಕೂ ಬಳಕೆಯಲ್ಲಿದೆ. ವಾರಕ್ಕೊಮ್ಮೆ ಎಲ್ಲರೂ ಸೇರಿ ಕೂತಾಗ ಯಾರು ಯಾರನ್ನು ಬೇಕಾದರೂ, ಮುಖ್ಯಸ್ಥರನ್ನೂ ಸೇರಿಸಿ, ಮುಖಕ್ಕೆ ಮುಖ ಕೊಟ್ಟು ಟೀಕಿಸಬಹುದಿತ್ತು. ಆಡಿದ್ದು ಅಲ್ಲಿಗೇ ಮುಗಿಯಬೇಕು, ಹೊರಗೆ ಹೋಗಿ ಹಿಂದಿನಿಂದ ಮಾತಾಡಬಾರದು ಎಂಬುದೊಂದೇ ನಿಯಮ. ಕೆಲವೊಮ್ಮೆ ಮನೋವೈದ್ಯರು ಬಂದು ಮಾತಾಡುತ್ತಿದ್ದರು, ಕೆಲವೊಮ್ಮೆ ಜೈಲು ಕಂಡುಬಂದವರೇ ಬಂದು ತಮ್ಮ ಕಸುಬಿನ ಗುಟ್ಟು ಹೇಳುತ್ತಿದ್ದರು. ಸಮವಸ್ತ್ರದ ಇಲಾಖೆಯಲ್ಲಿ ಮೇಲಧಿಕಾರಿಯ ತಪ್ಪನ್ನು ಪೇದೆ ಎದುರೇ ಎತ್ತಿ ಆಡುವ ದೃಶ್ಯವನ್ನು ಕಲ್ಪಿಸಿಕೊಳ್ಳಿ. ಅವರು ತಂದ ಕಾರುಗಳನ್ನು ಊರೂರಿನ ಪೊಲೀಸರು ಅನುಕರಿಸಿದರು, ಈ ಕೂಟವನ್ನು ಅಷ್ಟು ಸುಲಭವಾಗಿ ಯಾರೂ ತಮ್ಮ ಇಲಾಖೆಗೆ ತಂದುಕೊಳ್ಳಲಿಲ್ಲ.

ಮೊದಲ ಮಹಾಯುದ್ಧ ಮುಗಿದ ಮೇಲೆ ವೋಲ್ಮರ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೇ ನೇರವಾಗಿ ಕರೆ ಕೊಟ್ಟರು: ಓದುತ್ತಲೇ ಪೊಲೀಸ್ ಕೆಲಸ ಮಾಡಿ. ಸೇರಬಯಸುವವರಿಗೆ ಸೈನ್ಯದಲ್ಲಿ ಬಳಸಿದ್ದ ಬುದ್ಧಿಮತ್ತೆಯ ಪರೀಕ್ಷೆ, ಮನೋವೈದ್ಯರಿಂದ ತಪಾಸಣೆ ಇರುತ್ತಿದ್ದವು. ಬಂದವರನ್ನು ಜನ ‘ಕಾಲೇಜು ಪೊಲೀಸರು’ ಎಂದು ಗೇಲಿ ಮಾಡಿದರು. ಅವರಲ್ಲಿ ಒಬ್ಬರು 1919ರಲ್ಲಿ ಸೇರಿದ ವಾಲ್ಟರ್ ಗಾರ್ಡನ್, ಬರ್ಕ್ಲಿಯ ಮೊದಲ ಕಪ್ಪುವರ್ಣೀಯ ಪೊಲೀಸ್ ಅಧಿಕಾರಿ. ಗಾರ್ಡನ್ ನೇಮಕವನ್ನು ವಿರೋಧಿಸಿ ಬಂದ ಬಿಳಿಯ ಸಿಬ್ಬಂದಿಗೆ, ಒಪ್ಪದವರು ಬಿಲ್ಲೆಯನ್ನು ಮೇಜಿನ ಮೇಲಿಟ್ಟು ಹೋಗಬಹುದು ಎಂದು ವೋಲ್ಮರ್ ಹೇಳಿದರಂತೆ; ಯಾರೂ ಹೋಗಲಿಲ್ಲವಂತೆ. ರಾತ್ರಿ ಗಸ್ತು, ಹಗಲು ಕಾನೂನಿನ ತರಗತಿ ಎಂದು ಓದಿದ ಗಾರ್ಡನ್ ಮುಂದೆ ವಕೀಲರಾಗಿ, ವರ್ಜಿನ್ ದ್ವೀಪಗಳ ಗವರ್ನರ್ ಆಗಿ, ಫೆಡರಲ್ ನ್ಯಾಯಾಧೀಶರಾದರು. 1925ರಲ್ಲಿ ಮಕ್ಕಳು ಮತ್ತು ಮಹಿಳೆಯರ ಪ್ರಕರಣಗಳಿಗಾಗಿ ಅಪರಾಧ ತಡೆ ವಿಭಾಗ ತೆರೆದಾಗ ಅದರ ಹೊಣೆಯನ್ನು ಸಮಾಜ ಕಾರ್ಯಕರ್ತೆ ಎಲಿಜಬೆತ್ ಲಾಸಿಂಗ್ ಅವರಿಗೆ ವಹಿಸಿದರು.

ಲೈ ಡಿಟೆಕ್ಟರಿನ ಕಥೆ ಇಲ್ಲಿಗೆ ಕೂಡುತ್ತದೆ. ವೋಲ್ಮರ್ ಥರ್ಡ್ ಡಿಗ್ರಿಯನ್ನು, ಅಂದರೆ ಹೊಡೆದು ಬಡಿದು ಬಾಯಿ ಬಿಡಿಸುವುದನ್ನು, ತಮ್ಮ ಇಲಾಖೆಯಲ್ಲಿ ಖಡಾಖಂಡಿತವಾಗಿ ನಿಷೇಧಿಸಿದ್ದರು. ಹೊಡೆಯುವಂತಿಲ್ಲ ಎಂದಾದರೆ ಬೇರೆ ದಾರಿ ಬೇಕಲ್ಲ. ಹೀಗಾಗಿ ಅವರು ಲಾರ್ಸನ್ ಅವರ ಪ್ರಯೋಗಕ್ಕೆ ಬೆಂಬಲ ಕೊಟ್ಟರು. 1921ರಲ್ಲಿ ಲಾರ್ಸನ್ ರಕ್ತದೊತ್ತಡ ಮತ್ತು ಉಸಿರಾಟದ ಏರಿಳಿತವನ್ನು ಒಟ್ಟಿಗೆ, ಎಡೆಬಿಡದೆ ದಾಖಲಿಸುವ ಯಂತ್ರ ಕಟ್ಟಿದರು: ತೋಳಿಗೆ ಒಂದು ಪಟ್ಟಿ, ಎದೆಗೆ ಒಂದು ಕೊಳವೆ, ಮಸಿ ಹಿಡಿಸಿದ ಕಾಗದದ ಸುರುಳಿಯ ಮೇಲೆ ಸೂಜಿ ಗೀಚುವ ಎರಡು ಗೆರೆಗಳು. ಅದರ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ಕಾಲೇಜು ಹುಡುಗಿಯರು ವಾಸವಿದ್ದ ಕಟ್ಟಡವೊಂದರಲ್ಲಿ, ಹಣ ಮತ್ತು ಒಡವೆ ಕಳುವಾದಾಗ. ಲಾರ್ಸನ್ ಅಲ್ಲಿದ್ದ ಹುಡುಗಿಯರಿಗೆ ಹೌದು ಇಲ್ಲ ಎಂದು ಉತ್ತರಿಸಬಹುದಾದ ಒಂದೇ ಪಟ್ಟಿಯ ಪ್ರಶ್ನೆಗಳನ್ನು ಕೇಳಿದರು. ಒಬ್ಬಳ ಗೆರೆ ಹಾರಿಬಿದ್ದಿತು. ಆಕೆ ಕೆಲವು ದಿನಗಳಲ್ಲಿ ತಪ್ಪೊಪ್ಪಿಕೊಂಡಳು. ವೋಲ್ಮರ್ ಬಳಿಯೇ ಓಡಾಡಿಕೊಂಡಿದ್ದ ಲಿಯೊನಾರ್ಡ್ ಕೀಲರ್ ಎಂಬ ತರುಣ ಮುಂದೆ ಈ ಯಂತ್ರವನ್ನು ಹೊತ್ತೊಯ್ಯುವ ಪೆಟ್ಟಿಗೆಯಾಗಿಸಿ ಮಾರುಕಟ್ಟೆಗೆ ತಂದರು. ಅದರ ಮೇಲೆ ಅತಿಯಾದ ನಂಬಿಕೆ ಇಡುವುದನ್ನು ಕಂಡು ಲಾರ್ಸನ್ ಕೊನೆಗೆ ತಮ್ಮ ಸೃಷ್ಟಿಯನ್ನೇ ಹಳಿದರು. ಅಮೆರಿಕದ ನ್ಯಾಯಾಲಯಗಳು 1923ರಿಂದಲೇ ಇಂಥ ಪರೀಕ್ಷೆಯ ಫಲಿತಾಂಶವನ್ನು ಅನುಮಾನದಿಂದ ನೋಡಿದವು. ನಮ್ಮಲ್ಲಿ, 2010ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಪಾಲಿಗ್ರಾಫ್ (ಅಂದರೆ ಲೈ ಡಿಟೆಕ್ಟರ್), ನಾರ್ಕೊ, ಬ್ರೈನ್ ಮ್ಯಾಪಿಂಗ್ ಮಾಡುವಂತಿಲ್ಲ ಎಂದಿತು. ನಿಮ್ಮ ಉತ್ತರದಲ್ಲಿ ಈ ತೀರ್ಪನ್ನು ಸೇರಿಸಿದರೆ ಅಪ್ರಸ್ತುತವಾಗದು.

ಲಾಸ್ ಏಂಜಲೀಸ್‌ನಲ್ಲಿ ಏನಾಯಿತು? 1923ರ ಆಗಸ್ಟಿನಲ್ಲಿ ಬರ್ಕ್ಲಿಯಿಂದ ಒಂದು ವರ್ಷದ ರಜೆ ಪಡೆದು ವೋಲ್ಮರ್ ಅಲ್ಲಿಗೆ ಪೊಲೀಸ್ ಮುಖ್ಯಸ್ಥರಾಗಿ ಹೋದರು. ಅಂದರೆ ಅವರನ್ನು ಓಡಿಸಲಾಯಿತು ಎನ್ನುವುದು ಪೂರ್ತಿ ಸರಿಯಲ್ಲ. ಹೋದದ್ದೇ ಒಂದು ವರ್ಷಕ್ಕೆ. ಆದರೆ ಉಳಿಯುವ ಮನಸ್ಸಾಗುವಂತೆ ಅಲ್ಲಿ ಏನೂ ಇರಲಿಲ್ಲ ಎಂಬುದೂ ನಿಜ. 1920ರ ಜನಗಣತಿಯಂತೆ ಬರ್ಕ್ಲಿಯಲ್ಲಿ 56,000 ಜನ, ಲಾಸ್ ಏಂಜಲೀಸ್‌ನಲ್ಲಿ 5.76 ಲಕ್ಷಕ್ಕೂ ಹೆಚ್ಚು. ಪಾನನಿಷೇಧದ ಕಾಲ ಅದು. ಕಳ್ಳಭಟ್ಟಿ, ಜೂಜು, ವೇಶ್ಯಾವಾಟಿಕೆಗಳ ದಂಧೆಗೂ ನಗರಾಡಳಿತಕ್ಕೂ ಒಳಗೊಳಗೇ ಕೊಡುಕೊಳ್ಳುವ ಸಂಬಂಧವಿತ್ತು, ಪೊಲೀಸರು ಆ ಸರಪಳಿಯ ನಡುವಿನ ಕೊಂಡಿ. ವೋಲ್ಮರ್ ಇಡೀ ಪಡೆಗೆ ಬುದ್ಧಿಮತ್ತೆಯ ಪರೀಕ್ಷೆ ಮಾಡಿಸಿದರು. ಫಲಿತಾಂಶ ಹೊರಬಿದ್ದಾಗ ಹಳಬರಿಗೆ ಅವಮಾನವಾಯಿತು. ಅಪರಾಧ ಹೆಚ್ಚಿರುವ ಬೀದಿಗಳಿಗೆ ದಿಢೀರನೆ ನುಗ್ಗುವ ಸಂಚಾರಿ ದಳ ಕಟ್ಟಿದರು, ದಾಖಲೆಗಳನ್ನು ಸರಿಪಡಿಸಿದರು, ತರಬೇತಿ ಶುರು ಮಾಡಿದರು. ಬರ್ಕ್ಲಿಯಲ್ಲಿ ಅವರಿಗೆ ಸಿಕ್ಕದ್ದು ಹದಿನೆಂಟು ವರ್ಷ, ಚಿಕ್ಕ ಊರು, ಬೆನ್ನಿಗೆ ನಿಂತ ಪತ್ರಿಕೆ ಮತ್ತು ವಿಶ್ವವಿದ್ಯಾಲಯ. ಇಲ್ಲಿ ಸಿಕ್ಕದ್ದು ಹನ್ನೆರಡು ತಿಂಗಳು ಮತ್ತು ಅವರು ಹೊರಡುವ ದಿನವನ್ನೇ ಎಣಿಸುತ್ತಿದ್ದ ಜನ. ಸೆಪ್ಟೆಂಬರ್ ಒಂದಕ್ಕೆ ಆಗಸ್ಟ್ ಮುಗಿಯುತ್ತದೆ ಎಂದು ಅವರ ಹೆಸರಿನ ಮೇಲೆ ಚಮತ್ಕಾರ ಮಾಡಿ ಊರಲ್ಲಿ ಫಲಕ ಹಾಕಿದ್ದರೆಂಬ ಕಥೆಯಿದೆ. ಹೋಗುವ ಮುನ್ನ ಅವರು ಬರೆದಿಟ್ಟ ಸುದೀರ್ಘ ವರದಿ ಕಪಾಟು ಸೇರಿತು. ಕಾಲು ಶತಮಾನದ ನಂತರ, 1950ರಲ್ಲಿ ವಿಲಿಯಂ ಪಾರ್ಕರ್ ಮುಖ್ಯಸ್ಥರಾದ ಕಾಲದಲ್ಲಿ, ಅದರ ಎಷ್ಟೋ ಅಂಶಗಳು ಜಾರಿಗೆ ಬಂದವು.

ಆಮೇಲಿನ ವರ್ಷಗಳನ್ನು ಚುಟುಕಾಗಿ ಹೇಳುತ್ತೇನೆ. ಹವಾನಾ, ಕಾನ್ಸಸ್ ಸಿಟಿ ಮೊದಲಾದ ಹಲವು ನಗರಗಳು ತಮ್ಮ ಪೊಲೀಸ್ ವ್ಯವಸ್ಥೆಯನ್ನು ಪರಿಶೀಲಿಸಲು ಅವರನ್ನು ಕರೆದವು. 1929ರಿಂದ 1931ರವರೆಗೆ ಷಿಕಾಗೊ ವಿಶ್ವವಿದ್ಯಾಲಯದಲ್ಲಿ, ಅನಂತರ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದರು. ಹೈಸ್ಕೂಲು ಮೆಟ್ಟಿಲು ಹತ್ತದವರು ಪ್ರಾಧ್ಯಾಪಕರಾದದ್ದು. ದೇಶದ ಕಾನೂನು ಪಾಲನೆಯ ಸ್ಥಿತಿಯನ್ನು ಪರಿಶೀಲಿಸಲು ಅಧ್ಯಕ್ಷ ಹೂವರ್ ನೇಮಿಸಿದ ವಿಕರ್ಷಾಮ್ ಆಯೋಗಕ್ಕೆ 1931ರಲ್ಲಿ ಸಲ್ಲಿಸಿದ ಪೊಲೀಸ್ ವರದಿ ಅವರ ಮುಂದಾಳತ್ವದಲ್ಲಿ ಸಿದ್ಧವಾಯಿತು. ಮುಖ್ಯಸ್ಥರನ್ನು ರಾಜಕೀಯದವರು ಮನಬಂದಂತೆ ಬದಲಿಸುವುದೇ ಪೊಲೀಸ್ ವ್ಯವಸ್ಥೆಯ ಮೂಲ ರೋಗ ಎಂದು ಅದು ಹೇಳಿತು. ಅದೇ ಆಯೋಗದ ಇನ್ನೊಂದು ವರದಿ ಥರ್ಡ್ ಡಿಗ್ರಿಯನ್ನು ಬಯಲಿಗೆಳೆಯಿತು. 1932ರಲ್ಲಿ ಅವರು ಇಲಾಖೆಯಿಂದ ನಿವೃತ್ತರಾದರು. 1936ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಒಂದು ಮಾತು ಇಂದಿಗೂ ಚರ್ಚೆಯಲ್ಲಿದೆ: ಮಾದಕ ವ್ಯಸನ ವೈದ್ಯರ ವಿಷಯ, ಪೊಲೀಸರದ್ದಲ್ಲ; ವ್ಯಸನಿಗಳನ್ನು ಜೈಲಿಗೆ ತುಂಬುವುದರಿಂದ ಕಳ್ಳಸಾಗಣೆಯವರಿಗೇ ಲಾಭ. 1905ರಲ್ಲಿ ಚೀನೀಯರ ಅಫೀಮು ಮತ್ತು ಜೂಜಿನ ಅಡ್ಡೆಗಳ ಮೇಲೆ ದಾಳಿ ಮಾಡಿಯೇ ಹೆಸರು ಗಳಿಸಿದ್ದವರು ಮೂವತ್ತು ವರ್ಷಗಳ ಅನುಭವದ ಕೊನೆಗೆ ಬಂದು ನಿಂತದ್ದು ಇಲ್ಲಿ.

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಉತ್ತರ ಅರ್ಧವಾದೀತು. ಫಿಲಿಪ್ಪೀನ್ಸ್‌ನಲ್ಲಿ ಕಲಿತ ಸೈನಿಕ ತಂತ್ರಗಳನ್ನು ಕಳ್ಳರ ವಿರುದ್ಧ ಬಳಸಿದೆ ಎಂದು ವೋಲ್ಮರ್ ಸ್ವತಃ ಹೆಮ್ಮೆಯಿಂದ ಹೇಳಿಕೊಂಡವರು. ವಸಾಹತಿನಲ್ಲಿ ಪರಕೀಯ ಜನರನ್ನು ಹತ್ತಿಕ್ಕಲು ಬಳಸಿದ ಸಂಚಾರಿ ಗಸ್ತು, ನಕ್ಷೆ, ಮಾಹಿತಿ ಸಂಗ್ರಹ ಹೀಗೆ ಊರಿನ ಬೀದಿಗೆ ಬಂದವು ಎಂದು ಇತ್ತೀಚಿನ ಸಮಾಜಶಾಸ್ತ್ರಜ್ಞರು ಟೀಕಿಸುತ್ತಾರೆ, ಆ ಟೀಕೆಯನ್ನು ತಳ್ಳಿಹಾಕುವುದು ಕಷ್ಟ. ಅವರ ಪೊಲೀಸ್ ಶಾಲೆಯ ಪಾಠಪಟ್ಟಿಯಲ್ಲಿ ಅಪರಾಧವನ್ನು ಅನುವಂಶೀಯತೆಗೆ ಮತ್ತು ಜನಾಂಗಕ್ಕೆ ಜೋಡಿಸುವ ಅಂದಿನ ತಪ್ಪು ವಿಜ್ಞಾನವೂ ಸೇರಿತ್ತು. ಗಾರ್ಡನ್ ಅವರನ್ನು ನೇಮಿಸಿದವರೂ ಈ ಪಾಠ ಇರಿಸಿದವರೂ ಒಬ್ಬರೇ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚುವುದು ಬೇಡ.

ಅವರ ಶಿಷ್ಯರಲ್ಲಿ ಹೆಚ್ಚು ಪ್ರಸಿದ್ಧರಾದ ಒ. ಡಬ್ಲ್ಯು. ವಿಲ್ಸನ್ 1921ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಬರ್ಕ್ಲಿ ಪೊಲೀಸ್ ಸೇರಿ, ವಿಚಿಟಾ ನಗರದ ಮುಖ್ಯಸ್ಥರಾಗಿ, ಬರ್ಕ್ಲಿಯ ಅಪರಾಧಶಾಸ್ತ್ರ ವಿಭಾಗದ ಡೀನ್ ಆಗಿ, 1960ರಲ್ಲಿ ಷಿಕಾಗೊ ಪೊಲೀಸ್ ಮುಖ್ಯಸ್ಥರಾದರು. ವಿಲ್ಸನ್ ಅವರ ಮೂಲಕ ದೇಶಕ್ಕೆ ಹಬ್ಬಿದ್ದು ಹೆಚ್ಚಾಗಿ ಗುರುವಿನ ಆಡಳಿತದ ಭಾಗ: ಕಾರು, ರೇಡಿಯೋ, ಅಂಕಿಅಂಶ, ಕಟ್ಟುನಿಟ್ಟಿನ ಮೇಲು ಕೆಳಗು. ಪೇದೆಯನ್ನು ವೈದ್ಯ ಅಥವಾ ವಕೀಲನ ಸಾಲಿಗೆ ತರುವ ಗುರುವಿನ ಹಂಬಲ ಹಿಂದೆ ಬಿದ್ದಿತು. ಯಂತ್ರವನ್ನು ಬಜೆಟ್ಟಿನಲ್ಲಿ ಕೊಳ್ಳಬಹುದು, ಮೂರು ವರ್ಷ ರಾತ್ರಿ ಪಾಳಿಯ ಮೇಲೆ ಓದಿಸುವುದಕ್ಕೆ ಮುಖ್ಯಸ್ಥನಿಗೆ ಅಷ್ಟು ಕಾಲದ ಭದ್ರತೆ ಬೇಕು ಎಂಬುದು ನನ್ನ ವಿವರಣೆ.

ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಮತ್ತು ಕ್ಯಾನ್ಸರಿನಿಂದ ನರಳಿದ ವೋಲ್ಮರ್ 1955ರ ನವೆಂಬರ್ 4ರಂದು ಬರ್ಕ್ಲಿಯ ತಮ್ಮ ಮನೆಯಲ್ಲಿ ತಾವೇ ಜೀವ ಕೊನೆಗಾಣಿಸಿಕೊಂಡರು. ಅವರಿಗೆ 79 ವರ್ಷವಾಗಿತ್ತು. ಊರಿನ ಹಿಂದಿನ ಬೆಟ್ಟಸಾಲಿನಲ್ಲಿ ಒಂದು ಶಿಖರಕ್ಕೆ ಅವರ ಹೆಸರಿದೆ.

ಪರೀಕ್ಷೆಯ ಮಾತಿಗೆ ಬಂದರೆ, ‘ಆಧುನಿಕ ಪೊಲೀಸ್ ವ್ಯವಸ್ಥೆಯ ಪಿತಾಮಹ’ ಎಂದು ಬೀಸಾಗಿ ಬರೆದರೆ 1829ರಲ್ಲಿ ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಕಟ್ಟಿದ ರಾಬರ್ಟ್ ಪೀಲ್ ಎಲ್ಲಿ ಹೋದರು ಎಂದು ಮೌಲ್ಯಮಾಪಕರು ಕೇಳಬಹುದು. ‘ಅಮೆರಿಕದ ವೃತ್ತಿಪರ ಪೊಲೀಸ್ ವ್ಯವಸ್ಥೆಯ ಪಿತಾಮಹ’ ಎಂದು ಬರೆಯಿರಿ, ಅದು ನಿಲ್ಲುತ್ತದೆ. ಲೈ ಡಿಟೆಕ್ಟರ್ ಎಂಬಲ್ಲಿ ಲಾರ್ಸನ್ ಹೆಸರು ಹಾಕಿ, ಉಳಿದ ಜಾಗದಲ್ಲಿ ಪೊಲೀಸ್ ಶಾಲೆಯನ್ನೂ ಶುಕ್ರವಾರದ ಕೂಟವನ್ನೂ ವಿವರಿಸಿ.